ಗಾಡಿ ಮಾರ್ತಿಲ್ಲ, ಇನ್ನು ಕೇಳಬೇಡಿ

ಇವತ್ತು ಬೆಳಗಿನ ಜಾವ 4.30ಕ್ಕೆ ಬಾಮೈದನ ಫೋನ್. "ಭಾವ, ಗಾಡಿ ಎಳೀತಾನೇ ಇಲ್ಲ. ಮೀಟರಲ್ಲಿ ಹಳದಿ ಲೈಟ್ ಬಂದಿದೆ, 40ರ ಮೇಲೆ ಏರ್ತಿಲ್ಲ" ಅಂದ. ಮುಳಬಾಗಿಲು ಕೋಲಾರದ ಮಧ್ಯೆ ಹೈವೇ ಪಕ್ಕಕ್ಕೆ ಹಾಕ್ಕೊಂಡು ನಿಂತಿದ್ದಾನೆ. ಹಿಂದೆ 80 ಬಾಕ್ಸ್ ಟೊಮೆಟೊ. ಆ ಪಿಕಪ್‌ಗೆ ಇನ್ನೂ ಎರಡು ವರ್ಷ ತುಂಬಿಲ್ಲ.

ನಮ್ಮ ಗ್ಯಾರೇಜ್ ಮೇಸ್ತ್ರೀನ ಎಬ್ಬಿಸಿಕೊಂಡು ನನ್ನ ಹಳೇ ಗಾಡೀಲೇ ಹೋದೆ. ಅವರು ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದ್ರು. ಪೈಪ್ ಒಂದೊಂದೇ ಮುಟ್ಟಿ ನೋಡಿದ್ರು, ಒಂದೆರಡು ಕನೆಕ್ಟರ್ ಬಿಚ್ಚಿ ಊದಿ ಹಾಕಿದ್ರು, ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ನಿಂತ್ರು. ಆಮೇಲೆ ಬಾನೆಟ್ ಇಳಿಸಿ, ಹೆಗಲ ಮೇಲಿನ ಬಟ್ಟೇಲಿ ಕೈ ಒರೆಸಿಕೊಂಡು, "ಇದು ನನ್ನ ಕೈಲಿ ಆಗಲ್ಲ ಅಣ್ಣಾ. ಕಂಪನಿಯವರ ಲ್ಯಾಪ್‌ಟಾಪೇ ಬೇಕು" ಅಂದ್ರು. 30 ವರ್ಷ ಡೀಸೆಲ್ ಇಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ. ಅವರ ಬಾಯಲ್ಲಿ 'ಕೈಲಿ ಆಗಲ್ಲ' ಅನ್ನೋ ಮಾತು ನಾನು ಕೇಳಿದ್ದು ಇದೇ ಮೊದಲು. ಮುಖ ನೋಡೋಕಾಗಲಿಲ್ಲ.

ಕತ್ತಲಲ್ಲೇ ಮೂರು ಜನ 80 ಬಾಕ್ಸನ್ನೂ ಅವನ ಗಾಡಿಯಿಂದ ನನ್ನ ಗಾಡಿಗೆ ಹೊತ್ತು ಹಾಕಿದ್ವಿ. ಒಂದು ಬಾಕ್ಸ್ 15 ಕೆಜಿ, ಲೆಕ್ಕ ಹಾಕಿ. ಲಾರಿಗಳು ಪಕ್ಕದಲ್ಲಿ ಹಾದು ಹೋದಾಗಲೆಲ್ಲ ಗಾಡಿ ಅಲುಗಾಡ್ತಿತ್ತು. ಸಹಾಯವಾಣಿಯವರು ಶೋರೂಂ ತೆಗೆಯೋದೇ 9.30ಕ್ಕೆ ಅಂದ್ರು. ಮಾಲು ಮಂಡಿ ಹರಾಜಿಗೆ ತಲುಪಿತು. ತಲುಪಿಸಿದ್ದು 2013ರ ಗಾಡಿ. 'ಗುಜರಿಗೆ ಹಾಕು' ಅಂತ ಹೋದ ಭಾನುವಾರ ಮಾವನ ಮನೇಲಿ ಊಟಕ್ಕೆ ಕೂತವರೆಲ್ಲ ನನಗೆ ಬುದ್ಧಿ ಹೇಳಿದ್ದು ಇದೇ ಗಾಡಿಗೆ.

ಅದಕ್ಕೇ ಬರೀತಿದ್ದೀನಿ. ನನ್ನ ಗಾಡಿ ಗ್ಯಾರೇಜಿಗೆ ಹೋದಾಗಲೆಲ್ಲ ಊರಿಗೆಲ್ಲ ಗೊತ್ತಾಗುತ್ತೆ. 'ಮತ್ತೆ ಕೆಟ್ಟಿತಾ? ಎಷ್ಟಾಯ್ತು?' ಅಂತ ಕೇಳ್ತಾರೆ. ಹೊಸ ಗಾಡಿಯ ಕಂತು ಪ್ರತಿ ತಿಂಗಳು 5ನೇ ತಾರೀಖು ಬ್ಯಾಂಕಿಂದ ಸದ್ದಿಲ್ಲದೆ ಕಟ್ಟಾಗುತ್ತೆ, ಅದನ್ನ ಯಾರೂ ಕೇಳಲ್ಲ. ಆ ದುಡ್ಡು ಖರ್ಚಲ್ವಾ?

ಲೆಕ್ಕ ಹೇಳ್ತೀನಿ. ಹೋದ ವರ್ಷ ನನ್ನ ಗಾಡಿ ಬಹಳ ಕೈ ಕಚ್ಚಿತು, ಮುಚ್ಚಿಡಲ್ಲ. ಕ್ಲಚ್ ಸೆಟ್ ಹೋಯ್ತು. ಪಂಪು, ನಾಝಲ್ ಬಿಚ್ಚಿಸಿ ಕ್ಯಾಲಿಬ್ರೇಶನ್ ಮಾಡಿಸಿದೆ. ಹಿಂದಿನ ಕಮಾನ್ ಪಟ್ಟಿ ಎರಡು ಮುರಿದವು. ಸೆಲ್ಫ್ ಮೋಟಾರ್, ಕ್ರಾಸ್ ಬೇರಿಂಗ್, ಬ್ರೇಕ್ ಲೈನರ್, ಎರಡು ಟೈರು, ಎಲ್ಲ ಸೇರಿ 61,000 ರೂಪಾಯಿ. ಚೀಟಿಗಳು ಡ್ಯಾಶ್‌ಬೋರ್ಡ್ ಒಳಗೇ ಇವೆ. ಈಗ ಹೊಸದು ತಗೊಂಡ್ರೆ 8 ಲಕ್ಷ ಸಾಲ, 11% ಬಡ್ಡಿ, 5 ವರ್ಷ: ತಿಂಗಳಿಗೆ 17,394. ವರ್ಷಕ್ಕೆ 2 ಲಕ್ಷ ದಾಟುತ್ತೆ. ನನ್ನ ಕೆಟ್ಟ ವರ್ಷದ ರಿಪೇರಿಯ ಮೂರು ಪಟ್ಟಿಗಿಂತ ಜಾಸ್ತಿ. ಟೊಮೆಟೊ ರೇಟ್ ಬಿದ್ದು ತೋಟದಲ್ಲೇ ಕೊಳೆಯೋಕೆ ಬಿಟ್ಟ ತಿಂಗಳು ನಾನು ಕ್ಲಚ್ ಕೆಲಸ ಮುಂದಕ್ಕೆ ಹಾಕಬಹುದು, ಲೋಡು ಕಡಿಮೆ ಮಾಡಿ ಓಡಿಸಬಹುದು. ಕಂತನ್ನ ಮುಂದಕ್ಕೆ ಹಾಕೋಕಾಗುತ್ತಾ?

ಮೈಲೇಜ್ ಬರುತ್ತೆ ಅಂತಾರೆ. ಸರಿ, ಅದನ್ನೂ ಹಾಕಿದೆ. ನನ್ನದು ಲೀಟರಿಗೆ 12, ಬಾಮೈದಂದು 14.5. ತಿಂಗಳಿಗೆ 2,000 ಕಿ.ಮೀ. ಓಡಿಸಿದ್ರೆ ಹತ್ತಿರ ಹತ್ತಿರ 29 ಲೀಟರ್ ಉಳಿಯುತ್ತೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನ 21.17%ಕ್ಕೆ ಏರಿಸಿ ಲೀಟರಿಗೆ 2 ರೂಪಾಯಿ ಜಾಸ್ತಿ ಮಾಡ್ತಲ್ಲ, ಆಗಿನ 91 ರೂಪಾಯಿ ಲೆಕ್ಕದಲ್ಲೇ ಇಟ್ಟುಕೊಂಡ್ರೂ ಉಳಿಯೋದು 2,600 ಚಿಲ್ಲರೆ. 17,394 ಕೊಟ್ಟು 2,600 ಉಳಿಸೋದು ಯಾವ ವ್ಯಾಪಾರ?

'ಜಿಎಸ್‌ಟಿ ಇಳಿದಿದೆ, ಈಗಲೇ ತಗೋ' ಅಂದ್ರು ಮಾವ. ನಿಜ, 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಕ್ಕೆ 28% ಇದ್ದದ್ದು 18% ಆಯ್ತು. ಆದ್ರೆ ಮಾವಾ, ಅದೇ ದಿನ ಬಿಡಿಭಾಗಗಳಿಗೂ 28 ಇದ್ದದ್ದು 18 ಆಯ್ತು. ರಿಪೇರಿ ಮಾಡಿಸೋನಿಗೂ ಅಷ್ಟೇ ಲಾಭ.

ದುಡ್ಡಿನ ಮಾತು ಪಕ್ಕಕ್ಕಿಡೋಣ. ನನಗೆ ನಿಜವಾಗಿ ಸಿಟ್ಟು ತರಿಸಿರೋದು ಬೆಳಿಗ್ಗೆ ನೋಡಿದ ಆ ಬಾನೆಟ್ಟು. ಶೋರೂಮಿಂದ ಮಧ್ಯಾಹ್ನ ಬಾಮೈದ ಫೋನ್ ಮಾಡಿ ಏನಾಗಿತ್ತು ಅಂತ ಹೇಳಿದ: ಸೈಲೆನ್ಸರ್ ದಾರೀಲಿರೋ ಡಿಪಿಎಫ್ ಕಟ್ಟಿಕೊಂಡಿದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳಿಗೆ ಬಂದ ಜಾಲರಿ ಅದು. ಹೊಗೆಯ ಮಸಿ ಅದರಲ್ಲಿ ನಿಲ್ಲುತ್ತೆ. ಗಾಡಿ ಒಳ್ಳೇ ಸ್ಪೀಡಲ್ಲಿ ಒಂದಷ್ಟು ದೂರ ಓಡಿದಾಗ ಒಳಗೆ 600 ಡಿಗ್ರಿ ಹತ್ತಿರ ಶಾಖ ಏರಿಸಿಕೊಂಡು ಮಸಿಯನ್ನ ತಾನೇ ಸುಟ್ಟುಕೊಳ್ಳುತ್ತೆ. ಮಧ್ಯದಲ್ಲಿ ಇಂಜಿನ್ ಆಫ್ ಮಾಡಿದ್ರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ನಮ್ಮ ಟೊಮೆಟೊ ಗಾಡಿ ಹೇಗೆ ಓಡುತ್ತೆ ಹೇಳಿ? ತೋಟದ ದಾರೀಲಿ ಫಸ್ಟ್, ಸೆಕೆಂಡ್ ಗೇರು. ನಾಲ್ಕು ಕಡೆ ನಿಂತು ಬಾಕ್ಸ್ ತುಂಬಬೇಕು. ಮಂಡೀಲಿ ಇಂಜಿನ್ ಆನ್ ಇಟ್ಕೊಂಡು ಒಂದೊಂದೇ ಅಡಿ ಮುಂದಕ್ಕೆ ಹೋಗಬೇಕು. ಮಸಿ ಸುಡೋ ಅವಕಾಶವಾದ್ರೂ ಎಲ್ಲಿ? ಆ ಲೈಟ್ ಹದಿನೈದು ದಿನದಿಂದ ಆಗಾಗ ಬಂದು ಹೋಗ್ತಿತ್ತಂತೆ. ಅದು ಬಂದಾಗ ಹೈವೇಲಿ ಅರ್ಧ ಗಂಟೆ ಬಿಡದೆ ಓಡಿಸಬೇಕು ಅಂತ ಮಾರುವಾಗ ಯಾರೂ ಅವನಿಗೆ ಒಂದು ಮಾತು ಹೇಳಿರಲಿಲ್ಲ. ಕೀ ಕೊಟ್ಟು, ಹಾರ ಹಾಕಿ, ಫೋಟೋ ತೆಗೆದು ಕಳಿಸಿದ್ರು.

'ಹಾಗಾದ್ರೆ ಹೊಗೆ ಬಿಡ್ತಾ ಓಡಾಡಬೇಕಾ?' ಅಂತ ಕಾಲೇಜಲ್ಲಿ ಪಾಠ ಮಾಡೋ ನನ್ನ ಗೆಳೆಯ ಕೇಳ್ತಾನೆ. ಖಂಡಿತ ಬೇಡ. ಹಿಂದಿನ ಬಿಎಸ್4 ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಇತ್ತು, ಬಿಎಸ್6ನಲ್ಲಿ 10ಕ್ಕೆ ಇಳಿಸಿದ್ದಾರೆ, ಒಳ್ಳೇದೇ ಆಯ್ತು. ನನ್ನ ಮಗಳಿಗೂ ಉಬ್ಬಸ ಇದೆ, ಹೊಗೆ ಏನು ಅಂತ ನನಗೆ ಗೊತ್ತು. ಜಾಲರಿ ಇರಲಿ, ಸೆನ್ಸರ್ ಇರಲಿ. ಆದ್ರೆ ಅದರ ಬೀಗದ ಕೈ ಯಾಕೆ ಒಬ್ಬರ ಜೇಬಲ್ಲೇ ಇರಬೇಕು? ಮಸಿ ಸುಡಿಸೋಕೆ ಬಹಳ ಸಲ ಸ್ಕ್ಯಾನರಿನಲ್ಲಿ, ಅಂದ್ರೆ ಮೇಸ್ತ್ರಿ ಹೇಳಿದ ಆ ಲ್ಯಾಪ್‌ಟಾಪ್ ಥರದ್ದರಲ್ಲಿ, ಒಂದು ಆಜ್ಞೆ ಕೊಟ್ಟರೆ ಸಾಕು. ಆ ಸ್ಕ್ಯಾನರನ್ನ ನಮ್ಮ ಮೇಸ್ತ್ರಿ ದುಡ್ಡು ಕೊಟ್ಟೇ ತಗೋತಾರೆ, ಕಲಿಸಿದ್ರೆ ಕಲೀತಾರೆ. ಕೊಡಲ್ಲ ಅಂದ್ರೆ ಏನರ್ಥ? ಹೊಗೆಗೂ ಇದಕ್ಕೂ ಸಂಬಂಧವೇ ಇಲ್ಲ.

ಇದು ನನ್ನೊಬ್ಬನ ಗೋಳಲ್ಲ. 2014ರ ಆಗಸ್ಟ್‌ನಲ್ಲೇ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸೇರಿಸಿ 2,544 ಕೋಟಿ ದಂಡ ಹಾಕಿತ್ತು. ಕಾರಣ ಇದೇ: ಹೊರಗಿನ ಗ್ಯಾರೇಜಿನವರಿಗೆ ಬಿಡಿಭಾಗ, ಪರೀಕ್ಷಾ ಉಪಕರಣ ಸಿಗದ ಹಾಗೆ ಮಾಡಿದ್ದು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಅಂತ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಕೃಷಿ ಉಪಕರಣವೂ ಅದರಲ್ಲಿದೆ, ವಾಹನವೂ ಇದೆ. ಆದ್ರೆ ಇವತ್ತು ಬೆಳಿಗ್ಗೆ 5 ಗಂಟೇಲಿ ನಮ್ಮ ಮೇಸ್ತ್ರಿ ಕೈಲಿ ಇದ್ದದ್ದು ಟಾರ್ಚು ಮಾತ್ರ.

ನನ್ನ ಗಾಡಿ ಎರಡು ತಿಂಗಳ ಹಿಂದೆ ಇದೇ ರಸ್ತೇಲಿ ನಿಂತಿತ್ತು. ಮೇಸ್ತ್ರಿ ಬೈಕಲ್ಲಿ ಬಂದ್ರು. ಸ್ಕ್ರೂಡ್ರೈವರ್ ತುದೀನ ಪಂಪಿನ ಮೇಲಿಟ್ಟು ಹಿಡಿಯನ್ನ ಕಿವಿಗೆ ಆನಿಸಿಕೊಂಡು, ನನಗೆ ಸೆಲ್ಫ್ ಹೊಡಿ ಅಂದ್ರು. ಸುಮ್ಮನೆ ಕೇಳಿಸಿಕೊಂಡು "ಡೀಸೆಲ್ ದಾರೀಲಿ ಏರ್ ಹಿಡಿದಿದೆ" ಅಂದ್ರು. 17ರ ಸ್ಪ್ಯಾನರ್ ಹಾಕಿ ನಟ್ ಸಡಿಲ ಮಾಡಿ, ಕೈಪಂಪ್ ಒತ್ತುತ್ತಾ ಹೋದ್ರು. ಮೊದಲು ನೊರೆ ನೊರೆ ಬಂತು, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್. ನಟ್ ಬಿಗಿದ್ರು. ಅರ್ಧ ಸೆಲ್ಫ್ ಹೊಡೆಯೋದ್ರಲ್ಲೇ ಇಂಜಿನ್ ಹತ್ತಿತು. ಒಟ್ಟು 20 ನಿಮಿಷ, 200 ರೂಪಾಯಿ, ಟೀ ನಂದು.

ಇನ್ನೊಂದು ವಿಷಯ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಹೇಳಿಬಿಡ್ತೀನಿ. 2023ರ ಜುಲೈನಲ್ಲಿ ಕೋಲಾರದಲ್ಲಿ ಟೊಮೆಟೊ ಬಾಕ್ಸ್ ರೇಟ್ 2,000 ದಾಟಿತ್ತಲ್ಲ, ಆ ವಾರ ನನ್ನ ಗಾಡಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಭಾಗದ ಸೀಲು) ಹೋಗಿ ನಿಂತು, ಆ ದಿನದ ಹರಾಜು ತಪ್ಪಿತು. 'ಗಾಡಿ ಕೈ ಕೊಡ್ತು' ಅಂತಲೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜ ಏನು ಅಂದ್ರೆ, ಮೂರು ವಾರದಿಂದ ರೇಡಿಯೇಟರ್ ಹೋಸ್ ಸೋರ್ತಿತ್ತು. ಮೇಸ್ತ್ರಿ ಎರಡು ಸಲ ಹೇಳಿದ್ರು. ನಾನು ದಿನಾ ಬಾಟಲಿ ನೀರು ಹುಯ್ಕೊಂಡು ಓಡಿಸಿದೆ, ಒಂದು ದಿನ ಗಾಡಿ ನಿಲ್ಲಿಸಿದ್ರೆ ಒಂದು ದಿನದ ರೇಟ್ ಹೋಗುತ್ತೆ ಅನ್ನೋ ಆಸೆಗೆ. ಕೊನೆಗೆ ಇಂಜಿನ್ ಬೆಂದು ಹೋಯ್ತು. ತಪ್ಪು ಗಾಡೀದಲ್ಲ, ಪೂರ್ತಿ ನಂದು. ಆ ಸಿಟ್ಟಲ್ಲಿ ಮಾರನೇ ದಿನ ಶೋರೂಮಿಗೆ ಹೋಗಿ ಹೊಸ ಗಾಡಿಗೆ 10,000 ಅಡ್ವಾನ್ಸೂ ಕಟ್ಟಿ ಬಂದೆ. ಮನೇಲಿ ಹೇಳಿರಲಿಲ್ಲ, ಅಪ್ಪನಿಗಂತೂ ಇಲ್ಲವೇ ಇಲ್ಲ. ನಾಲ್ಕು ದಿನ ನಿದ್ದೆ ಬರಲಿಲ್ಲ. ಐದನೇ ದಿನ ಹೋಗಿ ವಾಪಸ್ ಇಸ್ಕೊಂಡು ಬಂದೆ, ಆ ದುಡ್ಡಲ್ಲೇ ಇಂಜಿನ್ ಹೆಡ್ ಮಟ್ಟ ಮಾಡೋ ಫೇಸಿಂಗ್ ಕೆಲಸ ಮಾಡಿಸಿದೆ. ಅಲ್ಲಿಂದೀಚೆಗೆ ಗಾಡಿ ಹೊರಡೋ ಮುಂಚೆ ನೀರು, ಆಯಿಲ್ ನೋಡದೆ ಕೀ ತಿರುಗಿಸಿಲ್ಲ.

ಹಾಗಂತ ಇದನ್ನ ಸಾಯೋ ತನಕ ಓಡಿಸ್ತೀನಿ ಅಂತಲೂ ಇಲ್ಲ. ಇಂಜಿನ್ ಬಿಚ್ಚಿ ಕಟ್ಟಬಹುದು, ಗಾಡಿಯ ಅಡಿ ಚೌಕಟ್ಟು, ಅದೇ ಚಾಸಿ, ಹಾಗಲ್ಲ. ಹಿಂದಿನ ಕಮಾನ್ ಹ್ಯಾಂಗರ್ ಹತ್ತಿರ ಒಂದು ಬಿರುಕು ಬಂದಿತ್ತು, ವೆಲ್ಡಿಂಗ್ ಮಾಡಿಸಿದೀನಿ. ಅದು ಮತ್ತೆ ಬಿಟ್ಟರೆ, ಇಲ್ಲ ಬ್ರೇಕ್ ವಿಷಯದಲ್ಲಿ ಮೇಸ್ತ್ರಿ ಅನುಮಾನದ ಮಾತಾಡಿದ್ರೆ, ಅವತ್ತೇ ಮಾರ್ತೀನಿ. 8 ವರ್ಷ ದಾಟಿದ ಗಾಡಿ, ವರ್ಷಾ ವರ್ಷ ಫಿಟ್‌ನೆಸ್ ಆಗಲೇಬೇಕು, ಆಗುತ್ತೆ. 2028ಕ್ಕೆ 15 ತುಂಬುತ್ತೆ, ಆಗ ಕೂತು ಮತ್ತೆ ಲೆಕ್ಕ ಹಾಕ್ತೀನಿ. ಅಲ್ಲಿವರೆಗೆ ಕಂತಿನ ಬದಲು ತಿಂಗಳಿಗೆ 6,000 ಬೇರೆ ಖಾತೆಗೆ ಹಾಕ್ತಿದ್ದೀನಿ. ರಿಪೇರಿಗೆ ಬೇಕಾದ್ರೆ ಅದರಲ್ಲೇ, ಉಳಿದದ್ದು ಮುಂದಿನ ಗಾಡಿಗೆ.

ಬಾಮೈದನ ಗಾಡಿ ಇನ್ನೂ ಶೋರೂಮಲ್ಲೇ ಇದೆ, ಗುರುವಾರ ಕೊಡ್ತಾರಂತೆ. ಅಲ್ಲಿವರೆಗೆ ಅವನ ತೋಟದ ಬಾಕ್ಸೂ ನನ್ನ ಗಾಡೀಲೇ. ನಾಳೆ 3.30ಕ್ಕೇ ಹೊರಡಬೇಕು, ಈಗ ಹೋಗಿ ಹಿಂದಿನ ಎಡಗಡೆ ಟೈರಿನ ಗಾಳಿ ನೋಡಿ ಬರ್ತೀನಿ.