ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಒಂದರಿಂದ ತಗ್ಗಿಸಿದ ಕಾರು ಸರಿಹೋಗುವುದಿಲ್ಲ, ಎಷ್ಟು ಸಲ ಹೇಳಲಿ!

ಹೊಟ್ಟೆ ಉರಿಯುತ್ತಿದೆ. ಮುಂದಿನ ಎರಡೂ ಟೈರ್‌ಗಳ ಒಳ ಅಂಚು ಸವೆದು ದಾರ ಕಾಣುತ್ತಿದೆ. ಹೊರಗಿನ ಅರ್ಧ ಇನ್ನೂ ಹೊಸದರ ಹಾಗೇ ಇದೆ. ಬೇರೆ ಸ್ಪ್ರಿಂಗ್ ಹಾಕಿಸಿ ಕಾರನ್ನು 40 ಮಿಲಿಮೀಟರ್ ತಗ್ಗಿಸಿ ಒಂದು ವರ್ಷವೂ ಆಗಿಲ್ಲ.

ಸ್ಪ್ರಿಂಗ್ ಹಾಕಿದವರು ಅವತ್ತು ಹೇಳಿದ್ದು ಒಂದೇ ಮಾತು: "ಅಲೈನ್‌ಮೆಂಟ್ ಮಾಡಿಸಿಬಿಡಿ, ಮುಗೀತು." ಮಾಡಿಸಿದೆ. ಮೂರು ಸಲ! ಮೂರು ಸಲವೂ ಯಂತ್ರದಲ್ಲಿ ಎಲ್ಲ ಅಂಕಿಗಳೂ ಹಸಿರು, ಅಂದರೆ ಸರಿ. ಆದರೆ ಕಾರು ತಿರುವಿನಲ್ಲಿ ಮೊದಲಿಗಿಂತ ಜಾಸ್ತಿ ವಾಲುತ್ತಿತ್ತು. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೂ ವಾಲುತ್ತಿತ್ತು ಅಂದರೆ ಏನೋ ತಪ್ಪಿದೆ ಅಂತ ಅನ್ನಿಸಬೇಕು, ಅಲ್ವಾ? ಕೇಳಿದರೆ "ತಗ್ಗಿಸಿದ ಕಾರು ಹಾಗೇ ಇರೋದು" ಅಂದರು. ಯಾಕೆ ಹಾಗೇ ಇರಬೇಕು?

ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಕಾರನ್ನು. ತೊಂದರೆ ಇರುವುದು ಚಕ್ರ ಮೇಲೆ ಕೆಳಗೆ ಆಡುವಾಗ. ನನ್ನದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಮೇಲೆ ಸ್ಪ್ರಿಂಗ್ ಕೂತ ಒಂದು ಕಂಬ, ಕೆಳಗೆ ಚಕ್ರವನ್ನು ಬಾಡಿಗೆ ಸೇರಿಸುವ ಲೋವರ್ ಆರ್ಮ್. ಮೊದಲು ಲೋವರ್ ಆರ್ಮ್ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿತ್ತು. ಬಾಡಿ ಇಳಿಯಿತು, ಚಕ್ರ ಇದ್ದಲ್ಲೇ ಉಳಿಯಿತು. ಈಗ ಆರ್ಮಿನ ಒಳತುದಿ ಕೆಳಗೆ, ಹೊರತುದಿ ಮೇಲೆ. ಹೀಗಾದ ಮೇಲೆ ಸ್ಪ್ರಿಂಗ್ ಅದುಮಿದಾಗ ಬಾಲ್ ಜಾಯಿಂಟ್ (ಆರ್ಮಿನ ಹೊರತುದಿ ಚಕ್ರಕ್ಕೆ ಸೇರುವ ಗುಂಡು ಕೀಲು) ಹೊರಕ್ಕೆ ಸರಿಯುವುದಿಲ್ಲ, ಒಳಕ್ಕೆ ಎಳೆದುಕೊಳ್ಳುತ್ತದೆ. ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಬೇಕಾದ ಹೊತ್ತಿಗೇ ಅದು ಕೈಬಿಟ್ಟು ಹೋಗುತ್ತದೆ. ಅದರ ಜೊತೆಗೆ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು. ಕಾರಿನ ಭಾರದ ಕೇಂದ್ರ ಎಷ್ಟು ಇಳಿಯಿತೋ ಅದಕ್ಕಿಂತ ಜಾಸ್ತಿ ಈ ಬಿಂದು ಇಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದಷ್ಟೂ ಬಾಡಿಯನ್ನು ವಾಲಿಸುವ ಬಲ ಬೆಳೆಯುತ್ತದೆ. ಇದನ್ನು ಸ್ಪ್ರಿಂಗ್ ಮಾರುವಾಗ ಒಬ್ಬರಾದರೂ ಹೇಳಬಾರದಾ?

ಸರಿ, ಇನ್ನೊಂದು ಕಡೆ ಹೋದೆ. ಅವರಿಗೆ ರೋಲ್ ಸೆಂಟರ್ ಅಂದರೆ ಏನು ಅಂತ ಗೊತ್ತಿತ್ತು, ಖುಷಿಯಾಯಿತು. ಮೊದಲಿನದಕ್ಕಿಂತ 25 ಮಿಲಿಮೀಟರ್ ಹೆಚ್ಚು ಉದ್ದದ ಬಾಲ್ ಜಾಯಿಂಟ್ ಹಾಕಿದರು. ಆರ್ಮ್ ಹೆಚ್ಚುಕಡಿಮೆ ಮಟ್ಟಕ್ಕೆ ಬಂತು, ವಾಲುವುದು ಕಡಿಮೆಯಾಯಿತು. ಆದರೆ ಟೈ ರಾಡ್, ಅಂದರೆ ಸ್ಟಿಯರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಸರಳು, ಅದನ್ನು ಮುಟ್ಟಲೇ ಇಲ್ಲ! ಆರ್ಮ್ ಒಂದು ಕೋನದಲ್ಲಿ, ಟೈ ರಾಡ್ ಇನ್ನೊಂದು ಕೋನದಲ್ಲಿ. ಎರಡೂ ಬೇರೆ ಬೇರೆ ಕಮಾನಿನಲ್ಲಿ ತಿರುಗಿದರೆ ಚಕ್ರ ತಾನಾಗಿ ಪಕ್ಕಕ್ಕೆ ತಿರುಗದೆ ಇನ್ನೇನು ಮಾಡುತ್ತದೆ? ಒಂದು ಚಕ್ರ ಉಬ್ಬು ಹತ್ತಿದರೆ ಸಾಕು, ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಬಂಪ್ ಸ್ಟಿಯರ್ ಅಂದರೆ ಇದೇ. ಬ್ರೇಕ್ ಹಾಕುವಾಗ ಹೀಗಾದರೆ ಎಷ್ಟು ಭಯವಾಗುತ್ತದೆ ಗೊತ್ತಾ?

ಕೊನೆಗೆ ನಾನೇ ಅಳೆದೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ, ಸ್ಪ್ರಿಂಗ್ ಬಿಚ್ಚಿ ಸ್ಟ್ರಟ್ ವಾಪಸ್ ಹಾಕಿದೆ, ಸ್ಟಿಯರಿಂಗ್ ಕಟ್ಟಿದೆ. ಜ್ಯಾಕಿನಿಂದ ಚಕ್ರವನ್ನು 10 ಮಿಲಿಮೀಟರ್‌ನಂತೆ ಎತ್ತುತ್ತಾ ಪ್ರತಿ ಸಲವೂ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು) ಬರೆದುಕೊಂಡೆ. ಮೇಲೆ ಹೋದಷ್ಟೂ ಟೋ ಹೊರಕ್ಕೆ ತೆರೆದುಕೊಳ್ಳುತ್ತಿತ್ತು. ನನ್ನ ಸ್ಟಿಯರಿಂಗ್ ರ‍್ಯಾಕ್ (ಟೈ ರಾಡನ್ನು ಎಳೆದು ತಳ್ಳುವ ಪಟ್ಟಿ) ಮುಂದಿನ ಆಕ್ಸಲ್‌ನ ಹಿಂದಿದೆ, ಮೇಲಕ್ಕೆ ವಾಲಿದ ಟೈ ರಾಡ್ ಚಕ್ರದ ಹಿಂಭಾಗವನ್ನು ಒಳಕ್ಕೆ ಎಳೆಯುತ್ತದೆ. ಟೈರ್ ತಿಂದಿದ್ದು ಇದೇ. ಅರ್ಧ ದಿನದ ಕೆಲಸ ಅಷ್ಟೇ. ಕೈಚಾಚಿ ದುಡ್ಡು ತೆಗೆದುಕೊಂಡವರು ಇದನ್ನು ಯಾಕೆ ಮಾಡಲಿಲ್ಲ?

ಇನ್ನೂ ಇದೆ. ಆರ್ಮ್ ಬಾಡಿಗೆ ಸೇರುವಲ್ಲಿರುವ ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿದಿದ್ದರು. ರಬ್ಬರ್ ಇಷ್ಟು ದಿನವೂ ತಿರುಚಿಕೊಂಡೇ ಕೂತಿತ್ತು, ಈಗ ಬಿರುಕು ಬಿಟ್ಟಿದೆ. ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆ ಬಿಗಿಯಬೇಕು ಅನ್ನುವುದು ಇವರಿಗೆ ಮೊದಲ ದಿನವೇ ಗೊತ್ತಿರಬೇಕಾದ ವಿಷಯ.

ದಯವಿಟ್ಟು ಸುಮ್ನೆ ಬಾಲ್ ಜಾಯಿಂಟ್ ಮಾತ್ರ ಹಾಕಿಸಿಕೊಳ್ಳಬೇಡಿ. ಟೈ ರಾಡ್ ಎಂಡ್ (ಟೈ ರಾಡಿನ ಹೊರತುದಿಯ ಕೀಲು) ಕೂಡ ಅದಕ್ಕೆ ತಕ್ಕಂತೆ ಕೆಳಗೆ ಬರಲೇಬೇಕು. ರಿಮ್ಮಿನ ಒಳಗೆ ತಾಗದೆ ಜಾಗ ಸಾಲುತ್ತದಾ ಅಂತ ಮೊದಲೇ ನೋಡಿ. ನನ್ನ ಟೈ ರಾಡ್ ಎಂಡ್ ಇನ್ನೂ ಬರಬೇಕು. ಹೊಸ ಟೈರ್ ತಂದಿಟ್ಟಿದ್ದೇನೆ. ಮತ್ತೆ ಜ್ಯಾಕ್ ಇಟ್ಟು ಅಳೆದು, ಟೋ ಅಲ್ಲಾಡದೆ ನಿಲ್ಲುವವರೆಗೂ ಅವನ್ನು ಹಾಕುವುದಿಲ್ಲ.