ಕೃತ್ಯಗಳು 17ರ 28ನೇ ವಚನಕ್ಕೇ ನಿಂತರೆ ಹೇಗೆ?

ಸಾಮಾನ್ಯ ಕೃಪೆ (ನಂಬಿದವರು, ನಂಬದವರು ಎನ್ನದೆ ದೇವರು ಎಲ್ಲರಿಗೂ ಕೊಡುವ ಒಳಿತು) ಇರುವುದರಿಂದ ಲೋಕದ ಕಲೆ, ಸಾಹಿತ್ಯವನ್ನೆಲ್ಲ ಕ್ರೈಸ್ತರು ಕಣ್ಣುಮುಚ್ಚಿ ಸ್ವೀಕರಿಸಬಹುದು ಎಂಬಂತಿದೆ ಕ್ರೈಸ್ತರು ಮತ್ತು ಸಂಸ್ಕೃತಿಯ ಕುರಿತು ಓದಿದ ಲೇಖನವೊಂದರ ಧಾಟಿ. ಅರ್ಧ ಸರಿ. ಮಳೆ, ಬಿಸಿಲು ಒಳ್ಳೆಯವರಿಗೂ ಕೆಟ್ಟವರಿಗೂ ಸಿಗುತ್ತದೆ (ಮತ್ತಾಯ 5:45), ನಿಜ. ಆದರೆ ಈ ಕೃಪೆ ಪಾಪಕ್ಕೆ ಕಡಿವಾಣ ಹಾಕುತ್ತದೆಯೇ ಹೊರತು ರಕ್ಷಣೆ ಕೊಡುವುದಿಲ್ಲ. ಈ ಗೆರೆ ಅಳಿಸಿದರೆ ಸುವಾರ್ತೆಗೇ ಕೆಲಸವಿಲ್ಲ. ಸಾಮಾನ್ಯ ಕೃಪೆಯ ಬಗ್ಗೆ ಮೂರು ಸಂಪುಟ ಬರೆದ ಡಚ್ ದೇವತಾಶಾಸ್ತ್ರಜ್ಞ ಅಬ್ರಹಾಂ ಕೈಪರ್ ಕೂಡ ವಿಶ್ವಾಸಕ್ಕೂ ಅವಿಶ್ವಾಸಕ್ಕೂ ಬುಡದಲ್ಲೇ ಇರುವ ವಿರೋಧವನ್ನು ಬಿಟ್ಟುಕೊಡಲಿಲ್ಲ.

ಆದಿಕಾಂಡ 4 ನೋಡಿ. ಕಿನ್ನರಿ, ಕೊಳಲು, ಲೋಹದ ಕೆಲಸ ಎಲ್ಲವೂ ತಮ್ಮನನ್ನು ಕೊಂದ ಕಾಯಿನನ ವಂಶದಿಂದಲೇ ಬಂದವು. ಅದರ ಬೆನ್ನಿಗೇ ಅದೇ ಮನೆಯ ಲೆಮೆಕನ ಸೇಡಿನ ಪದ್ಯ! ವರವೂ ಅದರ ದುರ್ಬಳಕೆಯೂ ಒಂದೇ ಸೂರಿನಡಿ.

ಅಥೇನೆಯಲ್ಲಿ (ಗ್ರೀಸಿನ ಅಥೆನ್ಸ್) ಅಪೊಸ್ತಲ ಪೌಲನು ಮೊದಲು ಊರೆಲ್ಲ ಸುತ್ತಿ ನೋಡಿದ, ಬಲಿಪೀಠದ ಮೇಲಿನ ಬರಹ ಓದಿದ, ‘ನಾವು ಆತನ ಸಂತಾನ’ ಎಂಬ ಗ್ರೀಕ್ ಕವಿ ಅರಾತಸನ ಸಾಲು ಎತ್ತಿಕೊಂಡ (ಕೃತ್ಯಗಳು 17:28). ನಮ್ಮ ಸಂಸ್ಕೃತಿಪ್ರಿಯರು ಉದ್ಧರಿಸುವುದು ಇಲ್ಲಿಯವರೆಗೆ ಮಾತ್ರ. 29ರಲ್ಲಿ ಅದೇ ಸಾಲನ್ನು ಹಿಡಿದು ಅವನು ವಿಗ್ರಹಗಳನ್ನು ಪ್ರಶ್ನಿಸುತ್ತಾನೆ, 30ರಲ್ಲಿ ಮಾನಸಾಂತರಕ್ಕೆ, ಅಂದರೆ ಪಾಪ ಬಿಟ್ಟು ದೇವರ ಕಡೆ ತಿರುಗುವುದಕ್ಕೆ, ಕರೆಯುತ್ತಾನೆ. ಒಂದು ಕಾದಂಬರಿಯನ್ನೋ ಸಿನಿಮಾವನ್ನೋ ಮೆಚ್ಚಿ ಬರೆಯುವಾಗ ಈ ಮೂರೂ ವಚನಗಳನ್ನು ಒಟ್ಟಿಗೆ ಓದಿಕೊಳ್ಳಿ.