ನೀರು-ಬೆಲ್ಲ ಕೊಡದೆ ಗೆದ್ದ ವಾದ

ನಿನ್ನೆ ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ಬರೆದರಾದರೂ ಸ್ವಲ್ಪ ತಣ್ಣಗಾಗುತ್ತದೋ ನೋಡುತ್ತೇನೆ.

ಕುಂಬಳೆ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಅಂಗಳ ತುಂಬ ಅಡಿಕೆ ಹರಡಿತ್ತು. ಎರಡು ಗಂಟೆಯ ಬಿಸಿಲು. ಇಬ್ಬರು ಬಂದರು, ಒಬ್ಬರು ನಡುವಯಸ್ಸಿನವರು, ಇನ್ನೊಂದು ಇಪ್ಪತ್ತು ದಾಟದ ಹುಡುಗಿ. ಒಂದು ಅಡಿಕೆಯನ್ನೂ ತುಳಿಯದೆ ಅಂಚಿನಲ್ಲೇ ನಡೆದು ಬಂದು, ಚಪ್ಪಲಿ ಕಳಚಿ ಮೆಟ್ಟಿಲ ಕೆಳಗೆ ನಿಂತರು. ಯೆಹೋವನ ಸಾಕ್ಷಿಗಳು, ಯೇಸು ದೇವರ ಮಗ, ದೇವರಲ್ಲ ಅಂತ ಮನೆ ಮನೆಗೆ ಹೋಗಿ ಸಾರುವ ಪಂಗಡದವರು. ಹುಡುಗಿ ಪುಸ್ತಕದ ಕನ್ನಡದಲ್ಲಿ ಕೇಳಿದಳು, "ಅಂಕಲ್, ಯೇಸು ದೇವರೋ, ದೇವರ ಮಗನೋ? ತಂದೆ ನನಗಿಂತ ದೊಡ್ಡವನು ಎಂದು ಯೇಸುವೇ ಹೇಳಿದ್ದಾನಲ್ಲ, ಯೋಹಾನ 14:28ರಲ್ಲಿ?"

ಭಾವ ಕುರ್ಚಿಯಿಂದ ಹಾರಿದರು. "ಯೇಸು ದೇವರು! ಅಷ್ಟೇ! ನಮ್ಮ ಮನೆಗೆ ಬಂದು ನಮಗೇ ಕಲಿಸ್ತೀರಾ?" ಗೇಟಿನವರೆಗೂ ಬೈದುಕೊಂಡೇ ಕಳಿಸಿದರು.

ಒಂದು ಲೋಟ ನೀರು ಕೊಡಲಿಲ್ಲ. ನಮ್ಮೂರಲ್ಲಿ ಸಾಲ ಕೇಳಲು ಬಂದವನಿಗೂ, ವಸೂಲಿಗೆ ಬಂದವನಿಗೂ ಮೊದಲು ನೀರು-ಬೆಲ್ಲ, ಆಮೇಲೆ ಮಾತು. ಅಕ್ಕ ಒಳಗೆ ಬೆಲ್ಲದ ಡಬ್ಬಿ ತೆರೆದಾಗಿತ್ತು. ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು.

ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ. "ಭಾವ, ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಏನು?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅದೆಲ್ಲ ರಹಸ್ಯ. ಫಾದರ್‌ಗಳಿಗೆ ಗೊತ್ತಿರ್ತದೆ." ಟಿ.ವಿ. ಜೋರು ಮಾಡಿದರು.

ರಹಸ್ಯವಂತೆ! ಈ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ದೊತೊರ್ನ್ ಕ್ಲಾಸಿನಲ್ಲಿ, ಅಂದರೆ ಮಕ್ಕಳಿಗೆ ಧರ್ಮ ಕಲಿಸುವ ಚರ್ಚಿನ ಕ್ಲಾಸಿನಲ್ಲಿ, ನಾನೂ ಕೇಳಿದ್ದೆ, ಯೇಸು ದೇವರೇ ಆದರೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆಯ ತೋಟದಲ್ಲಿ ಯಾರಿಗೆ ಪ್ರಾರ್ಥನೆ ಮಾಡಿದ್ದು ಅಂತ. "ಅದು ರಹಸ್ಯ, ಕೂತ್ಕೋ." ಕೂತೆ. ಇನ್ನೂ ನಾಚಿಕೆಯ ವಿಷಯ ಹೇಳಲಾ? ದೊಡ್ಡವಳಾದ ಮೇಲೆ ನಾನೇ ಆ ಕ್ಲಾಸು ತೆಗೆದುಕೊಂಡೆ. ಒಬ್ಬ ಹುಡುಗ ಇದೇ ಪ್ರಶ್ನೆ ಕೇಳಿದ. ನಾನೂ ಕೂರಿಸಿದೆ, ಅದೇ ಪದ ಹೇಳಿ.

ಅಷ್ಟಕ್ಕೂ ಇದು ನಿನ್ನೆ ಯಾರೋ ಚೀಲದಲ್ಲಿ ಹೊತ್ತು ತಂದ ಪ್ರಶ್ನೆ ಅಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಏರಿಯಸ್ ಅಂತ ಒಬ್ಬ ಪಾದ್ರಿ ಇದ್ದ. ಮಗ ಅಂದ ಮೇಲೆ ಹುಟ್ಟು ಇರಲೇಬೇಕು, ಹಾಗಾದರೆ ಅವನು ಇಲ್ಲದ ಒಂದು ಹೊತ್ತೂ ಇತ್ತು ಅಂದ. ಪೆದ್ದನ ಮಾತಲ್ಲ ಅದು. ಅದಕ್ಕೇ ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ಬಿಷಪ್ಪರನ್ನೆಲ್ಲ ನಿಸಿಯಕ್ಕೆ ಕರೆಸಬೇಕಾಯಿತು. ಇವತ್ತಿನ ತುರ್ಕಿಯ ಇಜ್ನಿಕ್. ತಂದೆಯದೂ ಮಗನದೂ ಒಂದೇ ಸತ್ವ ಅಂತ ತೀರ್ಮಾನವಾಯಿತು. ಮುಗಿಯಿತಾ? ಎಲ್ಲಿ! 'ಒಂದೇ ಸತ್ವ' ಮತ್ತು 'ಅದರಂಥದೇ ಸತ್ವ', ಗ್ರೀಕಿನಲ್ಲಿ ಈ ಎರಡು ಪದಗಳ ನಡುವೆ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅದಕ್ಕಾಗಿ ಐವತ್ತು ವರ್ಷಕ್ಕಿಂತ ಜಾಸ್ತಿ ಹೊಡೆದಾಡಿದರು. ನಿಸಿಯದ ಪರ ನಿಂತ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್‌ನನ್ನು ಐದು ಸಲ ಗಡಿಪಾರು ಮಾಡಿದರು. ಮೊದಲ ಸಲ ಕಳಿಸಿದ್ದು ಇದೇ ಕಾನ್‌ಸ್ಟಂಟೈನ್! 381ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಮತ್ತೆ ಸಭೆ ಕೂರಬೇಕಾಯಿತು.

ಆ ಪಟ್ಟಣದ ಬಗ್ಗೆ ಆ ಕಾಲದ ಬಿಷಪ್ ನಿಸ್ಸದ ಗ್ರೆಗರಿ ಗೊಣಗಿದ್ದು ನನಗೆ ಬಹಳ ಇಷ್ಟ. ರೊಟ್ಟಿಗೆ ಎಷ್ಟು ಅಂತ ಕೇಳಿದರೆ ತಂದೆ ದೊಡ್ಡವನು, ಮಗ ಚಿಕ್ಕವನು ಅಂತ ಉತ್ತರ ಬರುತ್ತದಂತೆ. ಕುಂಬಳೆ ಮಾರ್ಕೆಟಿನಲ್ಲಿ ಬೂತಾಯಿಗೆ ಎಷ್ಟು ಅಂತ ಕೇಳಿ, ಮೀನಿನವಳು "ಮಗನಿಗೂ ಆರಂಭ ಉಂಟಕ್ಕಾ" ಅಂದ ಹಾಗೆ! ಗ್ರೆಗರಿಗೆ ಕಿರಿಕಿರಿ. ನನಗೆ ಹೊಟ್ಟೆಕಿಚ್ಚು. ರೊಟ್ಟಿ ಮಾರುವವರಿಗೂ ಗೊತ್ತಿದ್ದ ಪ್ರಶ್ನೆ ನಮ್ಮ ಭಾವನಿಗೆ ರಹಸ್ಯ. 2025ಕ್ಕೆ ನಿಸಿಯಕ್ಕೆ 1700 ವರ್ಷ ತುಂಬಿತು. ಪೂಜೆಯಲ್ಲಿ ನಿಸಿಯದಿಂದ ಬಂದ ಆ ಉದ್ದದ ವಿಶ್ವಾಸಪ್ರಮಾಣ ಹೇಳುವಾಗ "ಬೆಳಕಿನಿಂದ ಬೆಳಕು" ಅನ್ನುತ್ತೇವಲ್ಲ, ಅದು ಏರಿಯಸ್‌ಗೆ ಕೊಟ್ಟ ಉತ್ತರ ಅಂತ ಎಷ್ಟು ಜನಕ್ಕೆ ಗೊತ್ತು?

ನಾನು ಕನ್ನಡ ಟೀಚರು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಯೋಹಾನನ ಮೊದಲ ವಚನದಲ್ಲಿ 'ವಾಕ್ಯವು ದೇವರಾಗಿತ್ತು' ಅನ್ನುವಲ್ಲೇ ದೊಡ್ಡ ಜಗಳ. ವಾಕ್ಯ ಅಂದರೆ ಇಲ್ಲಿ ಯೇಸುವೇ. ಸಾಕ್ಷಿಗಳು ಅದನ್ನು 'ಒಬ್ಬ ದೇವರು' ಅನ್ನುವ ಅರ್ಥದಲ್ಲಿ ಓದುತ್ತಾರೆ, ನಾವು 'ದೇವರೇ' ಅನ್ನುತ್ತೇವೆ. ಗ್ರೀಕಿನಲ್ಲಿ 'ಒಬ್ಬ' ಅಂತ ಸೇರಿಸಿ ಹೇಳುವ ಕಟ್ಟುಪಾಡಿಲ್ಲ. ಕನ್ನಡದಲ್ಲೂ ಇಲ್ಲ. "ಅವರು ಡಾಕ್ಟರು" ಅಂದರೆ ಸಾಕು. 'ದೇವರು' ಅನ್ನುವ ಪದವೇ ನೋಡಲು ಬಹುವಚನ. ಎಷ್ಟು ಜನ ಅಂತ ಯಾರೂ ಕೇಳುವುದಿಲ್ಲ. ಇಂಥ ಭಾಷೆ ಬಾಯಲ್ಲಿಟ್ಟುಕೊಂಡು ಹತ್ತು ನಿಮಿಷ ಕೂತು ಮಾತಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಇದೇ ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈಗಳು, ಕ್ರೈಸ್ತರಲ್ಲದವರು, ಯೇಸುವಿನ ಕೊನೆಯ ದಿನದ ಮೇಲೆ ಇಡೀ ಕಾವ್ಯವನ್ನೇ ಬರೆದರು. ನಾವು ಒಂದು ವಚನಕ್ಕೆ ಟಿ.ವಿ. ಜೋರು ಮಾಡುತ್ತೇವೆ.

"ಒಮ್ಮೆ ನೀರು ಕೊಟ್ಟರೆ ವಾರ ವಾರ ಬರ್ತಾರೆ ಟೀಚರೇ" ಅಂತ ಕಮೆಂಟ್ ಹಾಕುವವರು ಇದ್ದೀರಿ, ಗೊತ್ತು. ಬರಲಿ. ಬೆಲ್ಲಕ್ಕೇನು ಬರಗಾಲವಾ? ನಂಬಿಕೆ ಇದ್ದವರು ಪ್ರಶ್ನೆ ಕೇಳಬಾರದು ಅನ್ನುವವರಿಗೆ ಒಂದೇ ಮಾತು. ಯೇಸುವನ್ನು ಮುಖಾಮುಖಿ "ನನ್ನ ಸ್ವಾಮಿ, ನನ್ನ ದೇವರು" ಅಂದದ್ದು ಯಾರು? ತೋಮ. ಯೇಸು ಸತ್ತು ಎದ್ದ ಸುದ್ದಿಯನ್ನು ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಅಂದ ಶಿಷ್ಯ. ನಮ್ಮ ಪಕ್ಷಕ್ಕೆ ಅಷ್ಟು ಗಟ್ಟಿ ಸಾಕ್ಷಿ ಸಿಕ್ಕಿದ್ದು ಸಂಶಯದವನ ಬಾಯಿಂದ.

ಹಾಗಂತ ನಾನು ಆ ಹುಡುಗಿಯ ಪಕ್ಷ ಅಂದುಕೊಳ್ಳಬೇಡಿ. ಉತ್ತರ ಇಲ್ಲದ್ದೇನಲ್ಲ. ಯೇಸು ತನ್ನನ್ನು ಬರಿದು ಮಾಡಿಕೊಂಡು ಮನುಷ್ಯನಾದ ಅಂತ ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿದೆ. ಮನುಷ್ಯನಾಗಿ ನಿಂತವನು ತಂದೆ ದೊಡ್ಡವನು ಅನ್ನದೆ ಇನ್ನೇನು ಅನ್ನಬೇಕು? ಬಾವಿಗೆ ಬಿದ್ದವನನ್ನು ಎತ್ತಲು ಮನೆಯ ಯಜಮಾನನೇ ಇಳಿದನೋ, ಆಳನ್ನು ಇಳಿಸಿದನೋ? ಯಜಮಾನನೇ ಅನ್ನುವವಳು ನಾನು. ಆದರೆ ಅಮ್ಮ ಐಸಿಯುವಿನಲ್ಲಿದ್ದ ರಾತ್ರಿ ನನಗೆ ನೆನಪಾದದ್ದು ನಿಸಿಯ ಅಲ್ಲ. ಶಿಲುಬೆಯ ಮೇಲೆ "ನನ್ನ ದೇವರೇ, ಯಾಕೆ ಕೈಬಿಟ್ಟೆ" ಅಂತ ಕೂಗಿದವನು. ಅವನ ಹತ್ತಿರವೇ ಬೇಡಿಕೊಂಡೆ. ಆ ಹೊತ್ತಿನಲ್ಲಿ ಅವನು ದೇವರೋ ಮನುಷ್ಯನೋ ಅಂತ ನಾನು ವಿಚಾರಿಸಲಿಲ್ಲ.

ಸಂಜೆ ಬಸ್ಸಿಗೆ ಹೊರಟಾಗ ಅಕ್ಕ ಗೇಟಿನ ಹತ್ತಿರ ಮೆಲ್ಲಗೆ ಹೇಳಿದಳು. ಆ ಇಬ್ಬರು ನಮ್ಮಲ್ಲಿಂದ ಹೋಗಿ ಪಕ್ಕದ ಬ್ಯಾರಿ ಮುಸ್ಲಿಮರ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕೂತಿದ್ದರಂತೆ. ಲಿಂಬೆ ಶರಬತ್ತು ಕೊಟ್ಟರಂತೆ. ಆ ಮನೆಯವರು ಈಸಾ ಅನ್ನುವುದು ಯೇಸುವನ್ನೇ. ಅವರಿಗೂ ಅವನು ಮಸೀಹನೇ, ಅಂದರೆ ಕ್ರಿಸ್ತನೇ, ಆದರೆ ದೇವರಲ್ಲ. ಏನು ಮಾತಾಡಿಕೊಂಡರೋ, ಕೇಳುವ ಆಸೆ ಇತ್ತು. ಬಸ್ಸು ಬಂತು.

ಭಾವನೂ ಫೇಸ್‌ಬುಕ್ಕಿನಲ್ಲಿ ಇದ್ದಾರೆ. ದಯವಿಟ್ಟು ಯಾರೂ ಅವರನ್ನು ಟ್ಯಾಗ್ ಮಾಡಬೇಡಿ. ಬರುವ ಭಾನುವಾರ ಅಲ್ಲಿ ಊಟಕ್ಕೆ ಹೇಳಿದ್ದಾರೆ.